ಆಸ್ಥಾನದ ಇತಿಹಾಸಕಾರ ಕಿರ್ಮಾನಿ

ಅರಸರ ಆಸ್ಥಾನಗಳಲ್ಲಿ ಕವಿಗಳಿದ್ದಂತೆ ಇತಿಹಾಸಕಾರರೂ ಇರುತ್ತಿದ್ದರು. ಪಾರಸಿ ಭಾಷೆ ಬಳಕೆಯಲ್ಲಿದ್ದ ಆಸ್ಥಾನಗಳಲ್ಲಿ ಈ ಪದ್ಧತಿ ವಿಶೇಷವಾಗಿ ಬೆಳೆದಿತ್ತು. ಕ್ಯಾಸ್ಪಿಯನ್ ಸಮುದ್ರದ ಬಳಿಯ ಅಸ್ತರಾಬಾದಿನಲ್ಲಿ ಹುಟ್ಟಿದ ಫೆರಿಷ್ತಾ ಬಿಜಾಪುರಕ್ಕೆ ಬಂದು, ಎರಡನೆಯ ಇಬ್ರಾಹಿಂ ಆದಿಲ್ ಷಾಹನ ಆಶ್ರಯದಲ್ಲಿ ತನ್ನ ದೊಡ್ಡ ಇತಿಹಾಸಗ್ರಂಥವನ್ನು ರಚಿಸಿದನು. ಅದೇ ಪರಂಪರೆಗೆ ಸೇರಿದ ಮತ್ತೊಬ್ಬ ಲೇಖಕನ ಹೆಸರು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದೊಡನೆ ಬೆರೆತಿದೆ. ಆತನೇ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿ.

ಕಿರ್ಮಾನಿಯು ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದವನು. ಆತನ ಪಾರಸಿ ಕೃತಿಯ ಹೆಸರು ‘ನಿಶಾನ್-ಎ-ಹೈದರಿ’. ನಿಶಾನ್ ಎಂದರೆ ಗುರುತು, ಬಾವುಟ. ನಮ್ಮ ಆಡುಮಾತಿನ ‘ನಿಶಾನಿ’ಯೂ ಇದೇ ಮೂಲದಿಂದ ಬಂದುದು. ಹೈದರನ ಪೂರ್ವಿಕರಿಂದ ಮೊದಲಾಗುವ ಈ ಕಥನ ೧೭೯೯ರಲ್ಲಿ ಶ್ರೀರಂಗಪಟ್ಟಣದ ಪತನದವರೆಗೆ ಸಾಗುತ್ತದೆ. ಕರ್ನಲ್ ಮೈಲ್ಸ್ ಎಂಬಾತನು ಮಾಡಿದ ಇಂಗ್ಲಿಷ್ ಅನುವಾದವು ೧೮೪೨ ಮತ್ತು ೧೮೬೪ರಲ್ಲಿ ಎರಡು ಭಾಗಗಳಾಗಿ ಪ್ರಕಟವಾಯಿತು.

ಒಡೆಯನ ಅನ್ನವನ್ನುಂಡವನು ಒಡೆಯನ ಕಥೆಯನ್ನು ಬರೆದರೆ ಅದನ್ನು ಎಷ್ಟರಮಟ್ಟಿಗೆ ನಂಬಬಹುದು? ಮಳವಳ್ಳಿಯ ಕದನವನ್ನೇ ನೋಡೋಣ. ೧೭೯೯ರ ಮಾರ್ಚ್ ೨೭ರಂದು ಜನರಲ್ ಹ್ಯಾರಿಸನ ಸೈನ್ಯವನ್ನು ಟಿಪ್ಪು ಮಳವಳ್ಳಿಯ ಬಳಿ ಎದುರಿಸಿ, ಹಿಮ್ಮೆಟ್ಟಬೇಕಾಯಿತು. ಇಂಗ್ಲಿಷರು ಕಾವೇರಿಯನ್ನು ಸೋಸಲೆಯ ಬಳಿ ದಾಟಿ ಮುನ್ನಡೆದರು. ಮೇ ೪ರಂದು ಕೋಟೆ ಬಿದ್ದಿತು. ಟಿಪ್ಪು ಹೋರಾಡುತ್ತಲೇ ಮಡಿದನು. ಈ ದುರಂತಕ್ಕೆ ಕಿರ್ಮಾನಿಯು ಒಳಗಿನವರ ದ್ರೋಹವನ್ನು ಮುಂದಿಡುತ್ತಾನೆ. ಮೀರ್ ಸಾದಿಕನನ್ನು ಕಟುವಾಗಿ ನಿಂದಿಸುತ್ತಾನೆ. ಇಂಗ್ಲಿಷ್ ಸೈನ್ಯದಲ್ಲಿದ್ದ ಬೀಟ್ಸನ್ ೧೮೦೦ರಲ್ಲಿ ಪ್ರಕಟಿಸಿದ ಗ್ರಂಥವು ತನ್ನವರ ಶಿಸ್ತನ್ನೂ ಯುದ್ಧಕೌಶಲವನ್ನೂ ಎತ್ತಿಹಿಡಿಯುತ್ತದೆ. ಸೋತವನ ಕಡೆಯವನಿಗೆ ದುಃಖವುಂಟು; ಗೆದ್ದವನಿಗೆ ತನ್ನ ಯುದ್ಧವನ್ನು ಸಮರ್ಥಿಸಿಕೊಳ್ಳುವ ಅಗತ್ಯವುಂಟು. ಇಬ್ಬರೂ ಕಂಡದ್ದನ್ನು ಹೇಳಿದರೂ ಕಂಡದ್ದೆಲ್ಲವನ್ನೂ ಹೇಳಲಿಲ್ಲ.

ಹಾಗೆಂದು ಕಿರ್ಮಾನಿಯ ಕೃತಿಯನ್ನು ತಳ್ಳಿಹಾಕುವುದು ಸಲ್ಲದು. ಆಸ್ಥಾನದ ಒಳಗಿದ್ದವನಿಗೆ ಮಾತ್ರ ತಿಳಿಯಬಹುದಾದ ಸಂಗತಿಗಳು ಅದರಲ್ಲಿವೆ. ಹೊಗಳಿಕೆಯ ಅಲಂಕಾರವನ್ನು ಸರಿಸಿ, ಉಳಿದುದನ್ನು ಬೇರೆ ಆಧಾರಗಳೊಡನೆ ತೂಗಿ ನೋಡಬೇಕು. ೧೭೮೪ರಲ್ಲಿ ಕನ್ನಡ ಗದ್ಯದಲ್ಲಿ ರಚಿತವಾದ ‘ಹೈದರ್ ನಾಮೆ’ ಅಂತಹ ಒಂದು ಆಧಾರ. ಶಾಸನಗಳು, ಕಾಗದಪತ್ರಗಳು, ಕೋಟೆಯ ಅವಶೇಷಗಳು ಇನ್ನುಳಿದ ಸಾಕ್ಷಿಗಳು.

ಸೈನ್ಯಗಳು ಹಾದುಹೋದ ಮದ್ದೂರು, ಮಳವಳ್ಳಿಗಳ ರೈತನ ಪಾಡನ್ನು ಆಸ್ಥಾನದ ಲೇಖಕನು ವಿಸ್ತಾರವಾಗಿ ಬರೆಯುವುದಿಲ್ಲ. ಅವನ ದೃಷ್ಟಿಯೆಲ್ಲವೂ ಸಿಂಹಾಸನದ ಮೇಲೆ. ಆದುದರಿಂದ ಇತಿಹಾಸವನ್ನು ಓದುವವನು ಮೂರು ಪ್ರಶ್ನೆಗಳನ್ನು ಮರೆಯಬಾರದು: ಬರೆದವನಾರು? ಯಾರಿಗಾಗಿ ಬರೆದನು? ಯಾವುದನ್ನು ಬರೆಯದೆ ಬಿಟ್ಟನು? ಈ ಪ್ರಶ್ನೆಗಳೊಡನೆ ಓದಿದಾಗ ಕಿರ್ಮಾನಿಯ ಹೊಗಳಿಕೆಯೂ ಒಂದು ಸಾಕ್ಷ್ಯವೇ ಆಗುತ್ತದೆ.