ಸ್ಪೇನಿನ ಕೊಸಿದೊ: ಕಡಲೆಗೆ ಅಗ್ರಸ್ಥಾನ

ಸ್ಪೇನ್ ದೇಶದ ರಾಜಧಾನಿಯಾದ ಮ್ಯಾಡ್ರಿಡ್ ನಗರದಲ್ಲಿ ಚಳಿಗಾಲದ ಊಟವೆಂದರೆ 'ಕೊಸಿದೊ'. ಬೇಯಿಸಿದ್ದು ಎಂಬುದೇ ಆ ಹೆಸರಿನ ಅರ್ಥ. ಕಡಲೆ, ಮಾಂಸ ಹಾಗೂ ತರಕಾರಿಗಳನ್ನು ಮಂದಾಗ್ನಿಯಲ್ಲಿ ಬೇಯಿಸುವ ಈ ಅಡಿಗೆಯ ಮೂಲವನ್ನು ಅನೇಕರು ಅಲ್ಲಿನ ಯೆಹೂದ್ಯರ 'ಅದಫಿನಾ' ಎಂಬ ಊಟದಲ್ಲಿ ಕಾಣುತ್ತಾರೆ. ಸಬ್ಬತ್ ದಿನ ಬೆಂಕಿ ಹೊತ್ತಿಸುವುದು ಅವರಲ್ಲಿ ನಿಷಿದ್ಧ. ಆದ್ದರಿಂದ ಹಿಂದಿನ ಸಂಜೆಯೇ ಒಲೆಗೇರಿಸಿದ ಪಾತ್ರೆ ರಾತ್ರಿಯೆಲ್ಲ ಕೆಂಡದ ಮೇಲೆ ಬೇಯುತ್ತಿತ್ತು. 1492ರಲ್ಲಿ ಯೆಹೂದ್ಯರು ದೇಶದಿಂದ ಹೊರದೂಡಲ್ಪಟ್ಟರು. ಕ್ರೈಸ್ತರ ಅಡಿಗೆಯಲ್ಲಿ ಈ ಬಗೆಯ ಪಾತ್ರೆಗೆ ಹಂದಿಮಾಂಸವೂ ಸೇರಿತು.

ಬಡವರ ಮನೆಯಲ್ಲಿ ಮಾಂಸ ರುಚಿಗಷ್ಟೇ ಇದ್ದು, ಹೊಟ್ಟೆ ತುಂಬಿಸುತ್ತಿದ್ದುದು ಕಡಲೆಯೇ. ಆರೋಗ್ಯದೃಷ್ಟಿಯಿಂದ ಇಂದಿಗೂ ಅನುಸರಿಸತಕ್ಕ ಪ್ರಮಾಣ ಅದು.

ಆರು ಮಂದಿಗೆ ಬೇಕಾದ ಸಾಮಗ್ರಿ: ನಾವು ಕಾಬೂಲಿ ಕಡಲೆಯೆಂದು ಕರೆಯುವ ಬಿಳಿ ಕಡಲೆ 400 ಗ್ರಾಂ, ದನದ ಕಾಲಿನ ಮಾಂಸ 400 ಗ್ರಾಂ, ಕಾಲು ಭಾಗ ಕೋಳಿ, ಮಜ್ಜೆಯ ಮೂಳೆ ಒಂದು, ಹಂದಿಯ ಕೊಬ್ಬು 50 ಗ್ರಾಂ, 'ಚೊರಿಸೊ' ಎಂಬ ಕೆಂಪು ಮಾಂಸದ ಸಾಸೇಜ್ ಒಂದು, ಗಜ್ಜರಿ ಎರಡು, ಆಲೂಗಡ್ಡೆ ನಾಲ್ಕು, ಅರ್ಧ ಎಲೆಕೋಸು, ಎಳೆ ಶ್ಯಾವಿಗೆ 100 ಗ್ರಾಂ.

ಕಡಲೆಯನ್ನು ಉಪ್ಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ 12 ಗಂಟೆ ನೆನೆಸಬೇಕು. ಚೊರಿಸೊ ಹೊರತು ಉಳಿದ ಮಾಂಸ, ಕೊಬ್ಬು ಮತ್ತು ಮೂಳೆಗಳನ್ನು ಮೂರೂವರೆ ಲೀಟರು ತಣ್ಣೀರಿನಲ್ಲಿ ಒಲೆಗಿಟ್ಟು, ಮೇಲೆ ಬರುವ ನೊರೆಯನ್ನು ತೆಗೆಯಬೇಕು. ನೀರು ಕುದಿದ ಮೇಲೆಯೇ, ಬಸಿದ ಕಡಲೆಯನ್ನು ಬಲೆಯ ಚೀಲದಲ್ಲಿ ಕಟ್ಟಿ ಹಾಕುವುದು ಅಲ್ಲಿನ ರೂಢಿ. ನಡುವೆ ನೀರು ಬೇಕಾದರೆ ಕುದಿಯುವ ನೀರನ್ನೇ ಸೇರಿಸುತ್ತಾರೆ. ಗಡಸು ನೀರಾದರೆ ಅದರಲ್ಲಿನ ಕ್ಯಾಲ್ಸಿಯಂ ಕಡಲೆಯನ್ನು ಬೇಗ ಮೆತ್ತಗಾಗಗೊಡದು. ನೆನೆಸುವಾಗ ಚಿಟಿಕೆ ಅಡಿಗೆ ಸೋಡಾ ಹಾಕಿದರೆ ಪರಿಹಾರವುಂಟು. ಸಣ್ಣ ಉರಿಯಲ್ಲಿ ಸುಮಾರು ಮೂರು ಗಂಟೆ ಬೇಯಬೇಕು. ಗಜ್ಜರಿ, ಆಲೂಗಡ್ಡೆಗಳು ಕೊನೆಯ ಅರ್ಧ ಗಂಟೆಗೆ ಸಾಕು. ಚೊರಿಸೊವನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿದರೆ ಅದರ ಕೊಬ್ಬು ಮತ್ತು ಬಣ್ಣ ಸಾರಿಗೆ ಇಳಿಯುವುದಿಲ್ಲ. ಎಲೆಕೋಸನ್ನೂ ಬೇರೆಯಾಗಿ ಬೇಯಿಸಿ, ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿಯೊಡನೆ ಬಾಡಿಸುತ್ತಾರೆ.

ಬಡಿಸುವುದು ಮೂರು ಸರದಿಯಲ್ಲಿ. ಮೊದಲು ಶ್ಯಾವಿಗೆ ಹಾಕಿದ ಬಿಸಿ ಸಾರು, ಅನಂತರ ಕಡಲೆ ಮತ್ತು ತರಕಾರಿ, ಕೊನೆಯಲ್ಲಿ ಮಾಂಸ. ಈ ಕ್ರಮದಲ್ಲಿ ಮಾಂಸ ಬರುವ ಹೊತ್ತಿಗೆ ಹಸಿವು ಬಹುಮಟ್ಟಿಗೆ ತಣಿದಿರುತ್ತದೆ.

ನೂರು ಗ್ರಾಂ ಒಣಕಡಲೆಯಲ್ಲಿ ಸುಮಾರು 20 ಗ್ರಾಂ ಪ್ರೋಟೀನೂ 12 ಗ್ರಾಂ ನಾರೂ ಇವೆ. ಜೊತೆಗಿರುವ ಅಲ್ಪ ಮಾಂಸವು ಕಡಲೆಯ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಆದರೆ ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ವರ್ಗೀಕರಿಸಿದೆ. ಆದುದರಿಂದ ಚೊರಿಸೊ ನಾಮಮಾತ್ರಕ್ಕಿರಲಿ. ಹೃದ್ರೋಗಿಗಳಿಗೂ ರಕ್ತದೊತ್ತಡ ಉಳ್ಳವರಿಗೂ ಅದನ್ನು ಮತ್ತು ಕೊಬ್ಬನ್ನು ಬಿಡುವುದೇ ಮೇಲು, ಉಪ್ಪೂ ಮಿತವಾಗಿರಬೇಕು.

ಉಳಿದುದನ್ನು ಮರುದಿನ ಹುರಿದು 'ರೋಪಾ ವಿಯೆಹಾ', ಅಂದರೆ ಹಳೆಯ ಬಟ್ಟೆ, ಎಂಬ ಹೆಸರಿನಲ್ಲಿ ತಿನ್ನುವುದುಂಟು. ಇಲ್ಲಿಯೇ ಅಪಾಯವಿದೆ. ಮಾಂಸದಲ್ಲಿರಬಹುದಾದ ಕ್ಲಾಸ್ಟ್ರಿಡಿಯಂ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಕುದಿತಕ್ಕೂ ಸಾಯವು. ದೊಡ್ಡ ಪಾತ್ರೆ ನಿಧಾನವಾಗಿ ಆರುವಾಗ ಅವು ಮೊಳೆತು, ಸೂಕ್ಷ್ಮಾಣುಗಳು ವೃದ್ಧಿಯಾಗಿ ಹೊಟ್ಟೆನೋವು, ಭೇದಿಯನ್ನು ತರುತ್ತವೆ. ಉಳಿದುದನ್ನು ಅಗಲವಾದ ತಗ್ಗು ಪಾತ್ರೆಗಳಿಗೆ ಹಂಚಿ, ಎರಡು ಗಂಟೆಯೊಳಗೆ ಶೀತಕಪೆಟ್ಟಿಗೆಯಲ್ಲಿಡಬೇಕು. ಗಟ್ಟಿಯಾಗಿ ಮೇಲೆ ನಿಂತ ಕೊಬ್ಬನ್ನು ಮರುದಿನ ತೆಗೆದುಹಾಕಿ, ಚೆನ್ನಾಗಿ ಕುದಿಸಿಯೇ ಉಣ್ಣತಕ್ಕದ್ದು.