ದಾರಿಯಲ್ಲಿ ಕಟ್ಟಿಕೊಟ್ಟ ಬುತ್ತಿ



ನಿಮ್ಮ ಬಾಲ್ಯದ ಒಂದು ಪ್ರವಾಸವನ್ನು ನೆನಪಿಗೆ ತಂದುಕೊಳ್ಳಿ. ಅದು ಜೋಗವಿರಬಹುದು, ಆಗುಂಬೆಯಿರಬಹುದು, ಚಾರ್ಮಾಡಿ ಘಾಟಿಯಿರಬಹುದು. ಹತ್ತು ಜನ ಕೂರುವ ಬಾಡಿಗೆ ವ್ಯಾನಿನಲ್ಲಿ ಹದಿನೈದು ಜನ. ಕಾಲಡಿಯಲ್ಲಿ ಚಿತ್ರಾನ್ನದ ಡಬ್ಬಿ. ಊರು ದಾಟುವ ಮೊದಲೇ ಅಜ್ಜಿ ಆರಂಭಿಸುತ್ತಿದ್ದ ಜಪಸರ. ತಿರುವುಗಳು ಶುರುವಾದೊಡನೆ ಮುಖ ಬಾಡುವ ತಮ್ಮನ ಕೈಗೆ ಅಮ್ಮ ಕೊಡುತ್ತಿದ್ದ ನಿಂಬೆಹಣ್ಣು. ಜಲಪಾತ ಎಷ್ಟು ಎತ್ತರವಿತ್ತೆಂದು ಯಾರಾದರೂ ಕೇಳಿದರೆ ನೀವು ಹೇಳಲಾರಿರಿ. ಆದರೆ ಕಂಬಿಯ ಬಳಿ ನಿಂತಾಗ ಅಪ್ಪ ಹಿಂದಿನಿಂದ ನಿಮ್ಮ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು ಎಂಬುದು ಇಂದಿಗೂ ನೆನಪಿದೆ, ಅಲ್ಲವೇ?

ಇದು ವಿಶ್ವಾಸಕ್ಕೆ ಸಂಬಂಧಿಸಿದ ವಿಷಯವೇ ಎಂದು ನೀವು ಕೇಳಬಹುದು. ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರದ 84ನೆಯ ಪರಿಚ್ಛೇದದಲ್ಲಿ ಇದನ್ನೇ ಕುರಿತು ಬರೆದಿದ್ದಾರೆ. ದೇವರೊಂದಿಗೆ ನಮಗಿರುವ ಸ್ನೇಹದ ಕಥೆ ಯಾವಾಗಲೂ ಕೆಲವು ಸ್ಥಳಗಳೊಡನೆ ಹೆಣೆದುಕೊಂಡಿರುತ್ತದೆ. ಬೆಟ್ಟಗಳ ನಡುವೆ ಬೆಳೆದವರು, ತೊರೆಯ ಬದಿಯಲ್ಲಿ ಕುಳಿತು ನೀರು ಕುಡಿದವರು ಮತ್ತೆ ಅಲ್ಲಿಗೆ ಹೋದಾಗ ತಮ್ಮನ್ನೇ ಮರಳಿ ಕಂಡುಕೊಳ್ಳುತ್ತಾರೆ ಎಂಬುದು ಅವರ ಮಾತಿನ ಸಾರ.

ನಮ್ಮ ಪ್ರಭು ಯೇಸುವಿಗೂ ಇಂಥ ಬಾಲ್ಯವಿತ್ತು. ಮರಿಯ ಮತ್ತು ಜೋಸೆಫರು ಪ್ರತಿವರ್ಷ ಪಾಸ್ಕ ಹಬ್ಬಕ್ಕೆ ನಜರೇತಿನಿಂದ ಜೆರುಸಲೇಮಿಗೆ ಹೋಗುತ್ತಿದ್ದರೆಂದು ಸಂತ ಲೂಕರು ತಿಳಿಸುತ್ತಾರೆ. ನೂರು ಕಿಲೋಮೀಟರಿಗೂ ಮೀರಿದ, ಹಲವು ದಿನಗಳ ಕಾಲ್ನಡಿಗೆಯ ದಾರಿ ಅದು. ಹನ್ನೆರಡರ ಬಾಲಕ ಯೇಸು ಹಿಂದೆ ಉಳಿದಾಗ, ಅವನು ನೆಂಟರಿಷ್ಟರ ಗುಂಪಿನಲ್ಲಿ ಇರಬಹುದೆಂದು ತಾಯಿತಂದೆ ಒಂದು ದಿನದ ಹಾದಿ ನಡೆದೇಬಿಟ್ಟಿದ್ದರು. ದೊಡ್ಡ ಬಳಗವನ್ನು ಕಟ್ಟಿಕೊಂಡು ಹೊರಟ ಯಾವ ತಾಯಿಗೆ ಈ ಗಾಬರಿ ಅರ್ಥವಾಗದು! ಮುಂದೆ ಯೇಸುಸ್ವಾಮಿ ಬೋಧಿಸುವಾಗ ಹೊಲದ ಹೂವು, ಗುಬ್ಬಚ್ಚಿ, ಚಿಗುರಿದ ಅಂಜೂರದ ಮರ ಎಷ್ಟು ಸಹಜವಾಗಿ ಅವರ ಬಾಯಲ್ಲಿ ಬರುತ್ತವೆ! ಅವುಗಳಲ್ಲಿ ಕೆಲವನ್ನಾದರೂ ದಾರಿಯಲ್ಲಿ ಜೋಸೆಫರೇ ಬೆರಳು ಮಾಡಿ ತೋರಿಸಿರಬೇಕೆಂದು ನಾನು ನಂಬುತ್ತೇನೆ.

ಕಂಡ ಚೆಲುವು ಯಾವ ಹೊತ್ತಿಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಲಿಸಿಯೂವಿನ ಸಂತ ತೆರೇಸರ ಬದುಕು ಚೆನ್ನಾಗಿ ತಿಳಿಸುತ್ತದೆ. 1887ರ ನವೆಂಬರಿನಲ್ಲಿ ತಂದೆ ಲೂಯಿ ಮಾರ್ಟಿನ್ ಅವರು ಹದಿನಾಲ್ಕರ ತೆರೇಸಾ ಮತ್ತು ಅಕ್ಕ ಸೆಲೀನ್ ಇಬ್ಬರನ್ನೂ ಕರೆದುಕೊಂಡು ರೋಮಿಗೆ ಯಾತ್ರೆ ಹೊರಟರು. ರೈಲು ಸ್ವಿಟ್ಜರ್ಲೆಂಡಿನ ಪರ್ವತಗಳ ನಡುವೆ ಸಾಗುವಾಗ ಕಣಿವೆ, ಜಲಪಾತ, ಸರೋವರಗಳನ್ನು ನೋಡಲು ಆ ಹುಡುಗಿಗೆ ಎರಡು ಕಣ್ಣು ಸಾಲಲಿಲ್ಲ. ಡಬ್ಬಿಯ ಎರಡೂ ಬದಿಯಲ್ಲಿ ಏಕಕಾಲಕ್ಕೆ ಇರುವಂತಿದ್ದರೆ ಎಂದು ಅವಳಿಗೆ ಅನಿಸಿತ್ತು. ಮಠದ ನಾಲ್ಕು ಗೋಡೆಗಳ ಒಳಗೆ ಕಷ್ಟ ಬಂದಾಗ ಇಂದು ಕಂಡದ್ದನ್ನು ನೆನೆಯಬೇಕೆಂದು ಆಗಲೇ ಮನಸ್ಸಿನಲ್ಲಿ ಇಟ್ಟುಕೊಂಡಳು.

ಕಷ್ಟ ಬೇಗನೆ ಬಂದಿತು. 1888ರ ಏಪ್ರಿಲಿನಲ್ಲಿ ಅವಳು ಕಾರ್ಮೆಲ್ ಮಠ ಸೇರಿದಳು. ಮರುವರ್ಷವೇ ತಂದೆಯ ಬುದ್ಧಿ ಕದಡಿ, ಕಾನ್ ನಗರದ ಮಾನಸಿಕ ಆಸ್ಪತ್ರೆಗೆ ಅವರನ್ನು ಸೇರಿಸಬೇಕಾಯಿತು. ಮಠದ ನಿಯಮದಂತೆ ಮಗಳು ಹೊರಗೆ ಹೋಗಿ ನೋಡುವಂತಿರಲಿಲ್ಲ. 1894ರಲ್ಲಿ ಅವರು ತೀರಿಕೊಂಡರು. 1895ರಲ್ಲಿ ಸಂತ ತೆರೇಸಾ ತಮ್ಮ ಬಾಲ್ಯದ ನೆನಪುಗಳನ್ನು ಬರೆಯಲು ಕುಳಿತಾಗ ಆ ಪುಟಗಳಲ್ಲಿ ಕಾಣುವುದು ಆಸ್ಪತ್ರೆಯ ರೋಗಿ ಮಾತ್ರವಲ್ಲ. ಮೀನು ಹಿಡಿಯಲು ಮಗಳನ್ನು ಹೊಳೆಯ ದಡಕ್ಕೆ ಕರೆದೊಯ್ದ ತಂದೆ, ಸಮುದ್ರವನ್ನು ಮೊದಲ ಬಾರಿ ತೋರಿಸಿದ ತಂದೆ. ಲೂಯಿ ಮತ್ತು ಅವರ ಪತ್ನಿ ಜೆಲಿಯವರನ್ನು ಧರ್ಮಸಭೆ 2015ರ ಅಕ್ಟೋಬರ್ 18ರಂದು ಒಟ್ಟಿಗೆ ಸಂತರೆಂದು ಘೋಷಿಸಿತು. ರೋಗ ತಂದೆಯ ನೆನಪನ್ನು ಕಸಿದರೂ ಮಗಳಲ್ಲಿದ್ದ ತಂದೆಯ ನೆನಪನ್ನು ಕಸಿಯಲಾಗಲಿಲ್ಲ. ನಮ್ಮ ಮನೆಗಳಲ್ಲಿಯೂ ಮಕ್ಕಳ ಹೆಸರೇ ಮರೆತುಹೋದ ವೃದ್ಧರಿದ್ದಾರೆ; ಅವರ ಸೇವೆ ಮಾಡುವವರಿಗೆ ಇದು ಬರಿಯ ಮಾತಲ್ಲ.

ಹಾಗಾದರೆ ನಮ್ಮ ಮಕ್ಕಳಿಗೆ ಏನು ಉಳಿಯುತ್ತದೆ? ಜೋಗವನ್ನೇ ತೆಗೆದುಕೊಳ್ಳಿ. ಶರಾವತಿ ಅಲ್ಲಿ 253 ಮೀಟರ್ ಆಳಕ್ಕೆ ಧುಮುಕುತ್ತಾಳೆ. ಮಳೆಗಾಲದಲ್ಲಿ ಹೋದರೆ ಎಷ್ಟೋ ಸಲ ಮಂಜು ಕವಿದು ಏನೂ ಕಾಣುವುದಿಲ್ಲ, ಭೋರ್ಗರೆತ ಮಾತ್ರ ಕೇಳಿಸುತ್ತದೆ. ಫೋಟೋಗೆ ಸಿಗಲಿಲ್ಲವೆಂದು ಹತ್ತು ನಿಮಿಷದಲ್ಲಿ ಹೊರಟುಬಿಡಬೇಡಿ. ಕಾಯಿರಿ. ಮಂಜು ಒಂದು ಕ್ಷಣ ಸರಿದು ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಮ್ಮೆಗೇ ಕಂಡಾಗ ಮಕ್ಕಳು ಹಾಕುವ ಕೂಗು ಯಾವ ಪಾಠದಿಂದಲೂ ಬರದು. ಪ್ರಾರ್ಥನೆಯಲ್ಲಿ ಕಾಯುವುದೆಂದರೆ ಏನೆಂದು ಅವರಿಗೆ ಮುಂದೆ ಹೇಳಿಕೊಡುವಾಗ ಈ ಒಂದು ಗಂಟೆಯನ್ನು ನೆನಪಿಸಬಹುದು.

ಬೇಸಿಗೆಯಲ್ಲಿ ಹೋದರೆ ಬಂಡೆಯ ಮೇಲೆ ತೆಳುವಾದ ಗೆರೆಯಷ್ಟೇ ನೀರು. ಮಗು ಪೆಚ್ಚಾಗುತ್ತದೆ. ಆಗ ನಿಜವನ್ನು ಹೇಳಿ: ಮೇಲೆ 1964ರಲ್ಲಿ ಕಟ್ಟಿ ಮುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಇದೆ, ಆ ನೀರಿನಿಂದಲೇ ವಿದ್ಯುತ್ತು, ಅದಕ್ಕಾಗಿ ಎಷ್ಟೋ ಹಳ್ಳಿಗಳವರು ಮನೆ, ಗದ್ದೆ, ತೋಟ ಬಿಟ್ಟು ಹೋದರು. ದೇವರ ಸೃಷ್ಟಿಯನ್ನು ಹೊಗಳುವಾಗ ಅದರ ಪಕ್ಕದಲ್ಲಿ ಬದುಕಿದ ಮನುಷ್ಯರನ್ನು ಬಿಟ್ಟು ಹೊಗಳುವುದು ಸರಿಯಲ್ಲ. ಹಿಂದೆ ಬರುವಾಗ ನಿಮ್ಮ ಎಲೆ, ಬಾಟಲಿ, ಪ್ಲಾಸ್ಟಿಕ್ಕು ನಿಮ್ಮ ಚೀಲದಲ್ಲೇ ಬರಲಿ. ಇದಕ್ಕೆ ಪ್ರತ್ಯೇಕ ಪ್ರವಚನ ಬೇಕಾಗಿಲ್ಲ.

ಇನ್ನೊಂದು ಮಾತನ್ನು ಹೇಳದೆ ಬಿಡಲಾಗದು. ಪ್ರವಾಸವೆಂದರೆ ಕಹಿ ನೆನಪೇ ಆಗಿರುವವರು ಈ ಪುಟದ ಓದುಗರಲ್ಲಿಯೂ ಇದ್ದಾರೆ. ದಾರಿಯುದ್ದಕ್ಕೂ ಕುಡಿದು ಬೈಯುತ್ತಿದ್ದ ಅಪ್ಪ, ಹಿಂದಿನ ಸೀಟಿನಲ್ಲಿ ಸದ್ದಿಲ್ಲದೆ ಅಳುತ್ತಿದ್ದ ಅಮ್ಮ. ಅಂಥವರಿಗೆ ಎಲ್ಲವನ್ನೂ ಸಿಹಿಯಾಗಿ ನೆನೆಯಿರಿ ಎನ್ನುವುದು ಕ್ರೂರವಾದೀತು. ಆ ದಿನವೂ ಬೆಟ್ಟ ಹಸಿರಾಗಿಯೇ ಇತ್ತು. ಹೆದರಿದ ಆ ಮಗುವನ್ನೂ ದೇವರು ನೋಡುತ್ತಿದ್ದರು. ಅಷ್ಟನ್ನು ಹಿಡಿದುಕೊಂಡರೆ ಸಾಕು. ನಿಮ್ಮ ಮಕ್ಕಳೊಡನೆ ಅದೇ ದಾರಿಯಲ್ಲಿ ಬೇರೆ ರೀತಿಯಲ್ಲಿ ಹೋಗುವ ಸ್ವಾತಂತ್ರ್ಯ ನಿಮಗಿದೆ. ಕೈಯಲ್ಲಿ ಹಣವಿಲ್ಲದವರು ಜೋಗದವರೆಗೆ ಹೋಗಲೇಬೇಕೆಂದಿಲ್ಲ. ಬಸ್ಸಿನಲ್ಲಿ ಅರ್ಧ ಗಂಟೆಯ ದೂರದಲ್ಲಿ ಕೆರೆಯೋ ಗುಡ್ಡವೋ ಇಲ್ಲದ ಊರು ನಮ್ಮಲ್ಲಿ ಅಪರೂಪ.

ಈ ರಜೆಯಲ್ಲಿ ಹೊರಡುವವರಿಗೆ ಎರಡು ಸೂಚನೆಗಳು. ಭಾನುವಾರ ಜೋಗಕ್ಕೆ ಹೋಗುವುದಾದರೆ ಸುಮಾರು 30 ಕಿಲೋಮೀಟರ್ ಮೊದಲು ಸಿಗುವ ಸಾಗರದಲ್ಲಿ ಬಲಿಪೂಜೆಯ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು ಹೊರಡಿ. ಮುಂದಿನ ಸೀಟನ್ನು ಅಜ್ಜನಿಗೋ ಅಜ್ಜಿಗೋ ಬಿಡಿ. ಹಳೆಯ ದಾರಿ ಎಲ್ಲಿ ತಿರುಗುತ್ತಿತ್ತು, ಎಲ್ಲಿ ಇಳಿದು ಬುತ್ತಿ ಬಿಚ್ಚುತ್ತಿದ್ದರು ಎಂದು ಮಕ್ಕಳು ಅವರನ್ನೇ ಕೇಳಲಿ.