ಗಾಡಿ ಗರಂ ಆಗ್ಲತ್ತದ: ಲೀನ್ ಓಡುವ ಇಂಜಿನ್ನಿಗೆ ಏನು ಮಾಡೋದು?

ಮನ್ನಾಏಖೇಳ್ಳಿಯಿಂದ ಹುಮನಾಬಾದ್ ಕಡೆಗೆ ಹೆದ್ದಾರಿ 65ರಲ್ಲಿ ಹೊರಟ ಒಂದು ಹಳೇ ನೂರು ಸಿಸಿ ಗಾಡಿ ಅಂದುಕೊಳ್ರಿ. ಏಪ್ರಿಲ್ ಬಿಸಿಲು, ಹಿಂದೆ ಎರಡು ಹಾಲಿನ ಕ್ಯಾನು. ಸ್ವಲ್ಪ ದೂರ ಹೋಗೋದ್ರಲ್ಲಿ ಪಿಕಪ್ ಹೋಗ್ತದೆ, ರೇಸ್ ಬಿಟ್ಟಾಗ ಸೈಲೆನ್ಸರ್ ಪಟಪಟ ಅಂತದೆ, ಇಂಜಿನ್ ಹತ್ತಿರ ಕಾಲು ಇಡಕ್ಕಾಗಲ್ಲ. ಇದನ್ನು ಹಾಗೇ ಓಡಿಸಿದರೆ ಒಂದು ದಿನ ಪಿಸ್ಟನ್ ಜಾಮ್ ಆಗಿ, ಬ್ಲಾಕ್ ಬೋರಿಂಗ್ ಖರ್ಚಿನ ಜೊತೆ ಅಷ್ಟೂ ದಿನದ ಹಾಲಿನ ವ್ಯಾಪಾರವೂ ನಿಲ್ಲುತ್ತದೆ. ನಮ್ಮ ಕ್ಲಾಸಿನ ಥರ್ಮೋಡೈನಾಮಿಕ್ಸ್ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರ್ತದೆ, ಅದಕ್ಕೇ ಈ ಲೇಖನ.

ಲೀನ್ ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆದರೆ ಕಾರ್ಬೊರೇಟರ್ ಗಾಡಿಗೆ ಫುಲ್ ಲೋಡಿನಲ್ಲಿ 12.5ರಿಂದ 13ರ ಹತ್ತಿರ, ಅಂದರೆ ಸ್ವಲ್ಪ ರಿಚ್ ಮಿಶ್ರಣ ಕೊಡ್ತಾರೆ. ಉಳಿದ ಪೆಟ್ರೋಲ್ ಆವಿಯಾಗುವಾಗ ಶಾಖ ಹೀರಿಕೊಂಡು ಒಳಗೆ ತಂಪು ಮಾಡ್ತದೆ. ಮಿಶ್ರಣ ಲೀನ್ ಆದಂತೆ ಆ ತಂಪು ಹೋಗ್ತದೆ. ಜೊತೆಗೆ ಬೆಂಕಿ ನಿಧಾನವಾಗಿ ಹರಡಿ, ಪಿಸ್ಟನ್ ಕೆಳಗಿಳಿಯುವ ಹೊತ್ತಿಗೂ ಉರಿಯುತ್ತಲೇ ಇರ್ತದೆ. ಆ ಶಾಖ ಕೆಲಸಕ್ಕೆ ಬರದೆ ಎಕ್ಸಾಸ್ಟ್ ವಾಲ್ವಿಗೂ ಹೆಡ್ಡಿಗೂ ಹೋಗ್ತದೆ. ಇನ್ನೂ ಲೀನ್ ಮಾಡಿದರೆ ಗಾಡಿ ಮಿಸ್ ಹೊಡೆದು ಮತ್ತೆ ತಣ್ಣಗಾಗ್ತದೆ ಅನ್ನೋದೂ ನಿಜ. ಅಪಾಯ ಇರೋದು ನಡುವಿನ ಜಾಗದಲ್ಲಿ.

ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಮುಚ್ಚುವ ತನಕ ಮಾಡಿದ ಯೆಜ್ಡಿಯಂಥ ಟು-ಸ್ಟ್ರೋಕ್ ಗಾಡಿಗಳಲ್ಲಿ ಇದು ಇನ್ನೂ ಕೆಟ್ಟದು. ಅಲ್ಲಿ ಆಯಿಲ್ ಪೆಟ್ರೋಲಿನಲ್ಲೇ ಕಲಸಿರ್ತದೆ, ಪೆಟ್ರೋಲ್ ಕಮ್ಮಿ ಅಂದರೆ ಆಯಿಲ್ಲೂ ಕಮ್ಮಿ.

"ಬಿಸಿಲಿಗೆ ಗಾಡಿ ಲೀನ್ ಆಗ್ತದ" ಅಂತ ಹೇಳೋರಿದ್ದಾರೆ. ಉಲ್ಟಾ. ಬಿಸಿ ಗಾಳಿ ತೆಳು, ಅದರಿಂದ ಕಾರ್ಬೊರೇಟರ್ ಮಿಶ್ರಣ ಒಂಚೂರು ರಿಚ್ಚೇ ಆಗ್ತದೆ: 20 ಡಿಗ್ರಿಯಿಂದ 40ಕ್ಕೆ ಹೋದರೆ ಲೆಕ್ಕದಲ್ಲಿ ಸುಮಾರು 3 ಪರ್ಸೆಂಟ್. ಬಿಸಿಲು ಮಾಡೋ ತೊಂದರೆ ಬೇರೆ, ಫಿನ್ನುಗಳಿಂದ ಶಾಖ ಹೊರಗೆ ಹೋಗೋದು ಕಷ್ಟ ಆಗ್ತದೆ.

ಪೆಟ್ರೋಲಿನ ಕಡೆಗೂ ನೋಡಬೇಕು. 20 ಪರ್ಸೆಂಟ್ ಎಥೆನಾಲ್ ಇರುವ ಇ20 ಪೆಟ್ರೋಲನ್ನು 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ನಮ್ಮ ಬೀದರ್ ಜಿಲ್ಲೆಯ ಹೊಲಗಳಲ್ಲಿ ಬೆಳೆಯೋ ಕಬ್ಬಿನಂಥದ್ದರಿಂದಲೇ ಎಥೆನಾಲ್ ಬರ್ತದೆ, ಅದು ಖುಷಿ. ಆದರೆ ಎಥೆನಾಲ್ ಉರಿಯಲು ಬೇಕಾದ ಗಾಳಿ 9 ಪಟ್ಟು ಮಾತ್ರ. ಲೆಕ್ಕ ಹಾಕಿದರೆ ಇ20ಗೆ ಅನುಪಾತ 13.5ರ ಹತ್ತಿರ ಬರ್ತದೆ. ಹಳೇ ಜೆಟ್ಟಿಗೆ ಇದು ಗೊತ್ತಿಲ್ಲ, ಅದು ಮೊದಲಿನಷ್ಟೇ ಬಿಡ್ತದೆ. ಹಾಗಾಗಿ ಗಾಡಿ ಸುಮಾರು 7-8 ಪರ್ಸೆಂಟ್ ಲೀನ್. ಇದೊಂದರಿಂದಲೇ ಪಿಸ್ಟನ್ ಸುಡ್ತದೆ ಅಂತ ನಾವು ಒಪ್ಪಲ್ಲ, ಯಾಕಂದರೆ ಎಥೆನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಜಾಸ್ತಿ ಶಾಖ ಹೀರ್ತದೆ, ಆಕ್ಟೇನೂ ಹೆಚ್ಚು. ಆದರೆ ಮೊದಲೇ ಲೀನ್ ಇದ್ದ ಗಾಡಿಗೆ ಇದು ಮೇಲಿನ ಹೊರೆ. (2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳು ಬಹುತೇಕ ಇಂಜೆಕ್ಷನ್. ಅವುಗಳ ಆಕ್ಸಿಜನ್ ಸೆನ್ಸರ್ ಇದನ್ನು ತಾನೇ ಸರಿಮಾಡಿಕೊಳ್ತದೆ.)

ಇನ್ನು ರಿಪೇರಿ. ಮೊದಲು ಇಂಜಿನ್ ಆಯಿಲ್ ನೋಡ್ರಿ, ಹಿಂದಿನ ಬ್ರೇಕ್ ಹಿಡಿದುಕೊಂಡಿದೆಯಾ ಅಂತ ಚಕ್ರ ತಿರುಗಿಸಿ ನೋಡ್ರಿ. ಇವೆರಡಕ್ಕೂ ಗಾಡಿ ಗರಂ ಆಗ್ತದೆ, ಕಾರ್ಬೊರೇಟರ್ ಸುಮ್ಮನೆ ಬೈಸಿಕೊಳ್ತದೆ. ಆಮೇಲೆ ಬಿಸಿ ಇಂಜಿನ್ನಿನಲ್ಲಿ ಚೋಕ್ ಸ್ವಲ್ಪ ಎಳೀರಿ. ಗಾಡಿ ಸುಧಾರಿಸಿದರೆ ಲೀನ್ ಅಂತ ಬಹುಮಟ್ಟಿಗೆ ಖಾತ್ರಿ. ಇನ್ನೂ ಕೆಟ್ಟರೆ ರೋಗ ಬೇರೆ.

ಲೀನ್ ಅಂತಾದ ಕೂಡಲೇ ಜೆಟ್ ಬದಲಿಸೋಕೆ ಹೋಗಬೇಡಿ. ಕಂಪನಿಯಿಂದ ಬಂದಾಗ ಸರಿಯಿದ್ದ ಗಾಡಿ ಈಗ ಲೀನ್ ಆಗಿದೆ ಅಂದರೆ ಏನೋ ಕೆಟ್ಟಿದೆ ಅಂತ ಅರ್ಥ. ಕಾರ್ಬೊರೇಟರ್ ಮತ್ತು ಹೆಡ್ ನಡುವಿನ ರಬ್ಬರ್ ಅಥವಾ ಓ-ರಿಂಗ್ ಒಡೆದು ಕಳ್ಳಗಾಳಿ ಬರೋದು ಬಹಳ ಸಾಮಾನ್ಯ. ಗಾಡಿ ಐಡಲ್‌ನಲ್ಲಿರುವಾಗ ಅಲ್ಲಿಗೆ ಸೋಪಿನ ನೀರು ಚಿಮುಕಿಸಿ. ಇಂಜಿನ್ ಸದ್ದು ಬದಲಾದರೆ ಕಳ್ಳ ಸಿಕ್ಕ. ಕೆಲವರು ಪೆಟ್ರೋಲ್ ಚಿಮುಕಿಸ್ತಾರೆ, ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದು ಹುಚ್ಚುತನ. ಮುಂದೆ ಪೆಟ್ರೋಲ್ ದಾರಿ: ಟ್ಯಾಂಕಿನ ಮುಚ್ಚಳದ ತೂತು ಧೂಳಿನಿಂದ ಮುಚ್ಚಿದ್ದರೆ ಸ್ವಲ್ಪ ದೂರ ಓಡಿ ಗಾಡಿ ಒಣಗ್ತದೆ. ಮುಚ್ಚಳ ತೆಗೆದಾಗ "ಸ್ಸ್" ಅಂತ ಗಾಳಿ ಒಳಗೆ ಎಳೆದುಕೊಂಡರೆ ಅದೇ. ಕಾಕಿನ ಜಾಲರಿ, ಫ್ಲೋಟ್ ಮಟ್ಟವನ್ನೂ ಬಿಡಬೇಡಿ.

ಜೆಟ್ ಬಿಚ್ಚಿದರೆ ಗಾಳಿ ಊದಿಯೇ ತೊಳೀರಿ. ಹಿತ್ತಾಳೆ ಮೃದು, ಸ್ಟೀಲ್ ತಂತಿ ಚುಚ್ಚಿದರೆ ತೂತಿನ ಅಳತೆಯೇ ಹೋಗ್ತದೆ. ಯಾವ ಜೆಟ್ ಅನ್ನೋದು ರೇಸ್ ಎಷ್ಟು ತೆರೆದಾಗ ತೊಂದರೆ ಅನ್ನೋದರಿಂದ ಗೊತ್ತಾಗ್ತದೆ. ಐಡಲ್‌ನಲ್ಲೂ ರೇಸ್ ಸ್ವಲ್ಪ ತೆರೆದಾಗಲೂ ಪೈಲಟ್ ಜೆಟ್, ಕಾಲಿನಿಂದ ಮುಕ್ಕಾಲು ತನಕ ನೀಡಲ್, ಅದರ ಮೇಲೆ ಮೇನ್ ಜೆಟ್. "ಮೈಲೇಜ್ ಬರೋಹಂಗ ಸೆಟ್ ಮಾಡ್ರಿ ಅಣ್ಣಾ" ಅಂದಾಗ ಗ್ಯಾರೇಜಿನವರು ತಿರುಗಿಸೋ ಸ್ಕ್ರೂ ಪೈಲಟ್ ದಾರಿಯದ್ದು. ಹೆದ್ದಾರಿಯಲ್ಲಿ ಅರ್ಧ ರೇಸಿನಲ್ಲಿ ಹೋಗುವಾಗ ಅದು ಉಳಿಸೋ ಪೆಟ್ರೋಲ್ ಬಹಳ ಕಮ್ಮಿ, ಆದರೆ ಐಡಲ್ ಮತ್ತು ಪಿಕಪ್ ಎರಡೂ ಕೆಡ್ತವೆ. ಸ್ಕ್ರೂ ಕಾರ್ಬೊರೇಟರಿನ ಇಂಜಿನ್ ಬದಿಗಿದ್ದರೆ ಸಾಮಾನ್ಯವಾಗಿ ಹೊರಗೆ ತಿರುಗಿಸಿದಾಗ ರಿಚ್. ಫಿಲ್ಟರ್ ಬದಿಗಿದ್ದರೆ ಒಳಗೆ ತಿರುಗಿಸಿದಾಗ ರಿಚ್. ಇದು ಗೊತ್ತಿಲ್ಲದೆ ಕೈ ಹಾಕಬೇಡಿ.

ಎಲ್ಲ ಸರಿಯಿದ್ದೂ ನಡು ರೇಸಿನಲ್ಲಿ ಲೀನ್ ಇದ್ದರೆ, ಮತ್ತು ನೀಡಲ್‌ಗೆ ಗಾಡಿ ಗಾಡಿಗಳಲ್ಲಿ ಇರುವ ಹಾಗೆ ಹಲವು ಗೆರೆಗಳಿದ್ದರೆ, ಕ್ಲಿಪ್ ಒಂದು ಗೆರೆ ಕೆಳಗೆ ಹಾಕಿ. ನೀಡಲ್ ಮೇಲೆದ್ದು ಪೆಟ್ರೋಲ್ ಹೆಚ್ಚು ಬರ್ತದೆ. ಓಪನ್ ಸೈಲೆನ್ಸರ್ ಹಾಕಿಸಿ, ಫಿಲ್ಟರ್ ಕಿತ್ತು ಬಿಸಾಡಿದವರಿಗೆ ಮಾತ್ರ ದೊಡ್ಡ ಮೇನ್ ಜೆಟ್ ಬೇಕಾಗಬಹುದು. ಅವರಿಗೆ ನಮ್ಮ ಸಲಹೆ, ಹಳೇ ಫಿಲ್ಟರ್ ಹುಡುಕಿ ವಾಪಸ್ ಹಾಕಿ.

ಕೊನೆಗೆ ಒಂದೇ ರೇಸಿನಲ್ಲಿ ಎರಡು ಮೂರು ಕಿಲೋಮೀಟರ್ ಓಡಿಸಿ, ಕ್ಲಚ್ ಹಿಡಿದು ಅಲ್ಲೇ ಇಂಜಿನ್ ಬಂದ್ ಮಾಡಿ, ಬದಿಗೆ ನಿಲ್ಲಿಸಿ, ಆರಿದ ಮೇಲೆ ಪ್ಲಗ್ ತೆಗೀರಿ. ತಿಳಿ ಕಂದು ಇದ್ದರೆ ಸರಿ. ಎಥೆನಾಲ್ ಪೆಟ್ರೋಲಿನಲ್ಲಿ ಬಣ್ಣ ಇನ್ನೂ ತಿಳಿಯಾಗಿ ಕಾಣಬಹುದು, ಅದಕ್ಕೆ ಗಾಬರಿ ಬೇಡ. ಸುಣ್ಣದ ಹಾಗೆ ಬೆಳ್ಳಗಾಗಿ, ಪಿಂಗಾಣಿಯ ಮೇಲೆ ಸಣ್ಣ ಗುಳ್ಳೆ ಎದ್ದಿದ್ದರೆ ಗಾಡಿಯನ್ನು ಲೋಡಿಗೆ ಹಾಕದೆ, ಮತ್ತೆ ಆ ರಬ್ಬರ್ ಜೋಡಣೆಯಿಂದಲೇ ಶುರು ಮಾಡ್ರಿ.